ಕುನ್ನಿ ಇದೆ, ಎಚ್ಚರಿಕೆ

ನಮ್ಮ ಓಣಿಗೆ ಮೈಕು ಕಟ್ಟಿಕೊಂಡ ಆಟೋ ಬಂದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತೇನೆ. ನಾಳೆ ನಲ್ಲಿ ನೀರು ಬರುವುದಿಲ್ಲ ಎಂದಿರಬಹುದು, ಕಂದಾಯ ಕಟ್ಟಿ ಎಂದಿರಬಹುದು, ಸೀರೆಗೆ ರಿಯಾಯಿತಿ ಎಂದಿರಬಹುದು. ಎಲ್ಲಕ್ಕೂ ಒಬ್ಬನೇ ಗಂಡಸು, ಒಂದೇ ಗಂಟಲು. ಸೀರೆಯ ಸುದ್ದಿಯನ್ನೂ ಅವನು ಕಂದಾಯದ ಗತ್ತಿನಲ್ಲೇ ಹೇಳುತ್ತಾನೆ. ಈಚೆಗೆ ಒಂದು ಬೆಳಿಗ್ಗೆ ಆ ಗಂಟಲು ಹೊಸ ವಿಷಯ ತಂದಿತ್ತು. "ಸಾರ್ವಜನಿಕರ ಗಮನಕ್ಕೆ. ಸಾಕಿದ ನಾಯಿಗಳಿಗೆ ಮಾಲೀಕರು ಕೂಡಲೇ ಕೊರಳಿಗೆ ಬೆಲ್ಟ್ ಹಾಕತಕ್ಕದ್ದು. ಬೆಲ್ಟ್ ಇಲ್ಲದವನ್ನು ಬೀದಿ ನಾಯಿಗಳೆಂದು ತಿಳಿದು ಹಿಡಿದು ಊರ ಹೊರಗಿನ ಶೆಡ್ಡಿಗೆ ಸಾಗಿಸಲಾಗುವುದು."

ನಮ್ಮ ಮನೆಯ ಕಟ್ಟೆಯ ಮೇಲೆ ಮಲಗಿದ್ದ ಪ್ರಾಣಿ ಒಂದು ಕಿವಿ ಎತ್ತಿ ಇದನ್ನು ಕೇಳಿತು. ಆಮೇಲೆ ತನಗೇನೂ ಸಂಬಂಧವಿಲ್ಲ ಎಂಬಂತೆ ಕಿವಿ ಇಳಿಸಿ ಮತ್ತೆ ಮಲಗಿತು. ಅದರ ಲೆಕ್ಕದಲ್ಲಿ ಅದು ಸರಿಯೇ. ಆಟೋದವನು ಹೇಳಿದ್ದು ನಾಯಿಯ ಸುದ್ದಿ. ಇದು ನಾಯಿಯಲ್ಲ, ಕುನ್ನಿ.

ನಿಘಂಟು ತೆಗೆದರೆ ಕುನ್ನಿ ಎಂದರೆ ನಾಯಿ, ನಾಯಿಮರಿ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿರುತ್ತದೆ. ನಿಘಂಟು ಬರೆದವರು ದೊಡ್ಡವರು, ಅವರ ಜೊತೆ ನನಗೆ ಜಗಳ ಬೇಡ. ಆದರೆ ಮನೆ ಮುಂದೆ ಗೇಟು ಇರುವವರು ಏನು ಬರೆಸುತ್ತಾರೆ ನೋಡಿ. 'ನಾಯಿ ಇದೆ, ಎಚ್ಚರಿಕೆ'. 'ಕುನ್ನಿ ಇದೆ, ಎಚ್ಚರಿಕೆ' ಎಂಬ ಬೋರ್ಡನ್ನು ನೀವೆಲ್ಲಾದರೂ ಕಂಡಿದ್ದೀರಾ? ಹಾಗೆ ಬರೆಸಿದರೆ ಕಳ್ಳನೇ ನಕ್ಕು, ಜೇಬಿನಲ್ಲಿದ್ದ ಬಿಸ್ಕತ್ತು ಹಾಕಿ ಒಳಗೆ ಬಂದಾನು. ಕಳವಾದ ಮೇಲೆ ಪೊಲೀಸರ ಜೊತೆ ಬರುವುದು ಶ್ವಾನ. ಅದಕ್ಕೆ ದಳವಿದೆ, ಜೀಪಿದೆ, ಮಾರನೆಯ ದಿನ ಪೇಪರಿನಲ್ಲಿ ಫೋಟೋ ಕೂಡ. ಇನ್ನು ಗಾದೆಗಳಲ್ಲಿ ಪೆಟ್ಟು ತಿನ್ನುವುದು ನಾಯಿ. ಬಾಲ ಡೊಂಕು ಎನ್ನಿಸಿಕೊಳ್ಳುವುದು ಅದೇ, ಬೊಗಳಿದರೆ ದೇವಲೋಕ ಹಾಳಾಗುವುದಿಲ್ಲ ಎನ್ನಿಸಿಕೊಳ್ಳುವುದೂ ಅದೇ. ನನಗೆ ತಿಳಿದ ಗಾದೆಗಳಲ್ಲಿ ಕುನ್ನಿ ಎಲ್ಲೂ ಇಲ್ಲ. ಅದಕ್ಕೆ ಬುದ್ಧಿ ಹೇಳಿ ಪ್ರಯೋಜನವಿಲ್ಲ ಎಂದು ಹಿರಿಯರು ಬಿಟ್ಟಿರಬೇಕು.

ನಾನು ಸೊರಬದ ಕಡೆಯವಳು. ನಮ್ಮ ಊರಲ್ಲಿ ಕುನ್ನಿ ಎಂದರೆ ಮುದ್ದು. ಅಪ್ಪ ಗದ್ದೆಯಿಂದ ಬಂದು ಕಾಲು ತೊಳೆದು ಜಗಲಿಯಲ್ಲಿ ಕೂತರೆ, ಮೊದಲು ಕರೆಯುತ್ತಿದ್ದದ್ದು "ಎಲ್ಲಿ ನನ್ನ ಕುನ್ನಿ?" ಎಂದು. ಆಗ ಅಂಗಳದಿಂದ ಒಂದು, ಒಳಗಿನಿಂದ ಒಂದು, ಹೀಗೆ ಎರಡು ಪ್ರಾಣಿಗಳು ಓಡಿಬರುತ್ತಿದ್ದವು. ಅಂಗಳದ್ದಕ್ಕೆ ಬಾಲವಿತ್ತು, ಒಳಗಿನಿಂದ ಬಂದವಳು ನಾನು. ಅಪ್ಪ ಇಬ್ಬರ ತಲೆಯನ್ನೂ ಒಂದೊಂದು ಕೈಯಲ್ಲಿ ಸವರುತ್ತಿದ್ದ. ನಾನು ಮುನಿಸಿಕೊಂಡು ಹಿತ್ತಿಲಿಗೆ ಹೋಗಿ ಕೂತರೆ, "ಎಂತಾ ಸಿಟ್ಟೇ ನಿಂಗೆ, ಬಾರೇ ಕುನ್ನಿ, ದೋಸೆ ಆರ್ತದೆ" ಎನ್ನುತ್ತಿದ್ದ. ಆ ಮಾತು ಕೇಳಿದ ಮೇಲೂ ಸಿಟ್ಟು ಉಳಿಸಿಕೊಳ್ಳಬೇಕಾದರೆ ಬಹಳ ಗಟ್ಟಿ ಮನಸ್ಸು ಬೇಕು. ನನ್ನದು ಅಷ್ಟು ಗಟ್ಟಿಯಿರಲಿಲ್ಲ, ದೋಸೆಯ ವಿಷಯದಲ್ಲಂತೂ ಈಗಲೂ ಇಲ್ಲ.

ನಮ್ಮ ಮನೆಗೆ ಹೊಸ ಮರಿ ಬಂದರೆ ಅಮ್ಮ ಅದನ್ನು ಎತ್ತಿಕೊಂಡು ಒರಳುಕಲ್ಲಿನ ಸುತ್ತ ತಿರುಗಿಸುತ್ತಿದ್ದಳು. ಹಾಗೆ ಮಾಡಿದರೆ ಅದು ಮನೆ ಬಿಟ್ಟು ಹೋಗುವುದಿಲ್ಲ ಎಂಬ ನಂಬಿಕೆ. ಒಮ್ಮೆ ಸುತ್ತಿಸಿದರೆ ಮುಗಿಯಿತು, ಹೆಸರಿಡುವುದು ಗಿಡುವುದು ಏನೂ ಇಲ್ಲ. ಒಂದು ಕುನ್ನಿ ಹೋಯಿತು, ಇನ್ನೊಂದು ಕುನ್ನಿ ಬಂತು. ಈಗ ನನ್ನ ತಮ್ಮನ ಮನೆಯಲ್ಲಿ ಒರಳಿಲ್ಲ, ಮಿಕ್ಸಿ ಇದೆ. ಕಳೆದ ಸಲ ಹೋದಾಗ ಅವನ ಹೆಂಡತಿ ಹೊಸ ಮರಿಯನ್ನು ಮಿಕ್ಸಿಯ ಸುತ್ತ ತಿರುಗಿಸಲು ಹೋಗಿ, ವೈರು ಕಾಲಿಗೆ ಸಿಕ್ಕಿ, ಚಟ್ನಿ ಜಾರು ಕೆಳಗೆ ಬಿದ್ದು, ಮರಿ ಮೊದಲ ದಿನವೇ ಕೊಬ್ಬರಿ ಚಟ್ನಿ ತಿಂದಿತ್ತು. ಮನೆ ಬಿಟ್ಟು ಹೋಗುವ ಯೋಚನೆ ಅದಕ್ಕೆ ಈವರೆಗೆ ಬಂದಿಲ್ಲವಂತೆ.

ಮದುವೆಯಾಗಿ ನಾನು ಬಂದದ್ದು ಶಿಕಾರಿಪುರಕ್ಕೆ, ಬೀಜ ಗೊಬ್ಬರದ ಅಂಗಡಿಯವರ ಮನೆಗೆ. ದೂರವೇನಲ್ಲ, ಸೊರಬದ ಬಸ್ಸು ಶಿರಾಳಕೊಪ್ಪದಲ್ಲಿ ಒಂದು ಚಹಾ ಕುಡಿಯುವಷ್ಟು ಹೊತ್ತು ನಿಂತು ಇಲ್ಲಿಗೆ ಬರುತ್ತದೆ. ಆ ಚಹಾದ ಹೊತ್ತಿನಲ್ಲೇ ಮಾತು ಬದಲಾಗಿಬಿಡುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಂದ ಹೊಸತರಲ್ಲಿ ನಾದಿನಿಯ ಪುಟ್ಟ ಮಗ ಅಂಬೆಗಾಲಿಟ್ಟು ನನ್ನ ಕಡೆ ಬಂದ. ಪ್ರೀತಿ ಉಕ್ಕಿ, "ಬಾರೋ ನನ್ನ ಕುನ್ನಿ" ಎಂದು ಎತ್ತಿಕೊಂಡೆ. ಅತ್ತೆ ಮಗುವನ್ನು ನನ್ನ ಕೈಯಿಂದ ಇಸಿದುಕೊಂಡು, "ಮಗೀಗೆ ಯಾರಾರ ಕುನ್ನಿ ಅಂತಾರೇನವ್ವಾ? ನಿಮ್ಮ ಕಡೆ ಹಂಗಿದ್ರೆ ನಿಮ್ಮ ಕಡೇಗಿರ್ಲಿ" ಎಂದರು. ಇಲ್ಲಿ ಕುನ್ನಿ ಬೈಗುಳ. ಅದರ ಹಿಂದೆ 'ಹುಚ್' ಸೇರಿಸಿದರೆ ಇನ್ನೂ ದೊಡ್ಡ ಬೈಗುಳ. ಅಂದಿನಿಂದ ಆ ಮಾತನ್ನು ಬಾಯಿಗೆ ತರಲಿಲ್ಲ. ನನ್ನ ಮಕ್ಕಳನ್ನು ಬಂಗಾರ ಎಂದೇ ಕರೆದು ಬೆಳೆಸಿದೆ. ಬಂಗಾರ ಒಳ್ಳೆಯ ಮಾತೇ, ಆದರೆ ಅದನ್ನು ಅಂದಾಗ ನನಗೆ ಅಪ್ಪನ ಜಗಲಿ ನೆನಪಾಗುತ್ತಿರಲಿಲ್ಲ.

ಹೀಗಿರುವಾಗ ನಮ್ಮ ಮಾವನವರು ಒಂದು ದಿನ ತಾಳಗುಂದದ ಕಡೆ ಯಾರದೋ ಮೆಕ್ಕೆಜೋಳದ ಹೊಲ ನೋಡಲು ಹೋದವರು, ಖಾಲಿ ಗೊಬ್ಬರದ ಚೀಲದಲ್ಲಿ ಏನನ್ನೋ ಹಾಕಿಕೊಂಡು ಬಂದರು. ಚೀಲ ಕುಂಯ್ ಎಂದಿತು. ಕಟ್ಟೆಯ ಮೇಲೆ ಬಿಚ್ಚಿದರೆ ಒಂದು ಕಂದು ಮರಿ, ಮೂಗಿನ ಮೇಲೆ ಬಿಳಿ ಪಟ್ಟೆ.

ಅತ್ತೆ ಹೊಸ್ತಿಲಲ್ಲಿ ನಿಂತೇ ತೀರ್ಪು ಕೊಟ್ಟರು. "ಲಿಂಗ ಪೂಜೆ ನಡಿಯೋ ಮನಿ ಇದು. ಈ ಮನ್ಯಾಗೆ ಅದಿರ್ಬೇಕು, ಇಲ್ಲಾ ನಾನಿರ್ಬೇಕು."

ಮಾವನವರು ಯಾವತ್ತೂ ದನಿ ಏರಿಸಿದವರಲ್ಲ. "ಅದು ಹೊರಗಿರ್ತೈತಿ, ನೀನು ಒಳಗಿರು" ಎಂದರು.

ಆ ಒಪ್ಪಂದ ಹಾಗೇ ನಡೆದುಕೊಂಡು ಬಂತು. ಮಾವನವರು ಅದನ್ನು ಕರೆಯುತ್ತಿದ್ದದ್ದು ಕುನ್ನಿ ಎಂದು. ಅತ್ತೆ ಬೈಯುತ್ತಿದ್ದದ್ದೂ ಕುನ್ನಿ ಎಂದೇ. ನನ್ನ ಗಂಡ ಟೈಗರ್ ಎಂದು ಹೆಸರಿಟ್ಟು ಒಂದು ವಾರ ಕೂಗಿದರು, ಅದು ತಿರುಗಿಯೂ ನೋಡಲಿಲ್ಲ. ಎದುರು ಮನೆಯ ಗಿರಿಜಕ್ಕನ ಬಳಿ ಬ್ರೂನೋ ಇದೆ, ದುಡ್ಡು ಕೊಟ್ಟು ತಂದ ಜಾತಿ ನಾಯಿ. ಗಿರಿಜಕ್ಕ ಜನರೊಡನೆ ನಮ್ಮ ಹಾಗೇ ಮಾತಾಡುವವರು, ಬ್ರೂನೋ ಎದುರಿಗೆ ಬಂದ ಕೂಡಲೇ 'ಕಮ್, ಸಿಟ್, ನೋ' ಎನ್ನುತ್ತಾರೆ. ನಾಯಿಗೆ ಇಂಗ್ಲಿಷ್ ಮಾತ್ರ ತಿಳಿಯುತ್ತದೆ ಎಂದು ನಮ್ಮವರಿಗೆ ಯಾರು ಹೇಳಿಕೊಟ್ಟರೋ. ನಮ್ಮ ಕುನ್ನಿಗೆ ಬರುವುದು ಎರಡೇ ಪಾಠ. 'ಕುರ್ರೋ ಕುರ್ರೋ' ಎಂದರೆ ಬರುವುದು, 'ಹಚಾ' ಎಂದರೆ ಹೋಗುವುದು. ಅತ್ತೆಯ ಬಾಯಲ್ಲಿ ಅದು ಕೇಳಿದ್ದು ಎರಡನೆಯದು ಮಾತ್ರ.

ಆದರೆ ಅತ್ತೆಯ ರೊಟ್ಟಿಯ ವಿಷಯ ಹೇಳಲೇಬೇಕು. ಈ ಓಣಿಯಲ್ಲಿ ಅವರಂತೆ ರೊಟ್ಟಿ ಬಡಿಯುವವರಿಲ್ಲ. ಚಂದ್ರನ ಹಾಗೆ ದುಂಡಗೆ, ಎಲ್ಲೂ ಹರಿಯದೆ, ಎಲ್ಲೂ ಸೀಯದೆ. ಅಂಥ ಕೈಯಲ್ಲಿ ದಿನಾ ಒಂದು ರೊಟ್ಟಿ ಮಾತ್ರ ಹೇಗೋ ಸೀದುಹೋಗುತ್ತದೆ. "ಥೂ, ಉರಿ ಜಾಸ್ತಿ ಆತು, ಯಾರು ತಿಂತಾರೆ ಇದನ್ನ" ಎಂದು ಗೊಣಗಿಕೊಂಡು ಹಿಂದಿನ ಬಾಗಿಲಿನಿಂದ ಹಾಕುತ್ತಾರೆ. ಮಾವನವರು ತೀರಿಕೊಂಡ ಮೇಲೆ ಆ ರೊಟ್ಟಿಗೆ ಹಾಲೂ ಸೇರಿತು. "ಹಾಲು ಒಡೆದಂಗಿತ್ತು" ಎನ್ನುತ್ತಾರೆ. ನಾನು ಅದೇ ಪಾತ್ರೆಯ ಹಾಲಿನಲ್ಲಿ ಅವರಿಗೆ ಚಹಾ ಮಾಡಿ ಕೊಡುತ್ತೇನೆ. ಕುನ್ನಿಯೂ ಮಾವನವರು ಕೂರುತ್ತಿದ್ದ ಕಟ್ಟೆಯ ಮೂಲೆ ಬಿಟ್ಟು ಬೇರೆಡೆ ಮಲಗುವುದಿಲ್ಲ.

ಈಗ ಆಟೋದ ಸುದ್ದಿಗೆ ಬರುತ್ತೇನೆ. ಆ ವಾರ ಸೊರಬಕ್ಕೆ ಹೋಗಿ ಬರುವಾಗ ಶಿರಾಳಕೊಪ್ಪದ ಸಂತೆಯಲ್ಲಿ ಇಳಿದೆ. ಹಗ್ಗ, ಮೂಗುದಾರ, ಎತ್ತಿನ ಗಂಟೆ ಮಾರುವ ಅಂಗಡಿಯಲ್ಲಿ ಈಗ ನಾಯಿ ಬೆಲ್ಟೂ ತೂಗುಬಿಟ್ಟಿರುತ್ತಾರೆ. ಒಂದು ಕೆಂಪು ಬೆಲ್ಟು ತಂದು ಅತ್ತೆಯ ಮುಂದಿಟ್ಟು, "ಕಟ್ಟಿಬಿಡೋಣ, ಇಲ್ಲಾಂದ್ರೆ ಹಿಡ್ಕಂಡ್ ಹೋಗ್ತಾರಂತೆ" ಎಂದೆ.

ಅತ್ತೆ ಅದನ್ನು ಮುಟ್ಟಲಿಲ್ಲ. "ಬೆಲ್ಟ್ ಕಟ್ಟಿದ್ರೆ ನಮ್ದು ಅಂದಂಗಾತು. ಓಣಿ ಮುಂದೆ ನಮ್ದಲ್ಲ ಅಂದೀನಿ. ಆಡಿದ ಮಾತು ನುಂಗಾಕಾಗ್ತೈತೇನು?"

ಅವರು ಹೇಳಿದ್ದು ಸುಳ್ಳಲ್ಲ. ಹೋದ ಬೇಸಿಗೆಯಲ್ಲಿ ಕುನ್ನಿ ಗಿರಿಜಕ್ಕನ ಮಹಡಿ ಹತ್ತಿ, ಒಣಗಲು ಹಾಕಿದ್ದ ಸಂಡಿಗೆಯನ್ನು ಸೀರೆಯ ಸಮೇತ ಎಳೆದು ಅಂಗಳಕ್ಕೆ ತಂದಿತ್ತು. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ಗಿರಿಜಕ್ಕ ಅಳು ಬರುವ ಮುಖ ಮಾಡಿಕೊಂಡು ಬಂದು, "ಅಮ್ಮಾರೆ, ನಿಮ್ಮ ನಾಯಿ ಏನ್ ಮಾಡೈತಿ ನೋಡ್ ಬರ್ರಿ" ಎಂದಿದ್ದರು. ಓಣಿಯವರಿಗೆಲ್ಲ ನಮ್ಮತ್ತೆ 'ಗೊಬ್ಬರದಂಗಡಿ ಅಮ್ಮಾರು'. ಅಮ್ಮಾರು ಸೊಂಟದ ಮೇಲೆ ಕೈಯಿಟ್ಟು, "ನಮ್ಮ ಮನ್ಯಾಗೆ ಎಲ್ಲೈತಿ ಗಿರಿಜಾ ನಾಯಿ? ಬೀದಿ ಕುನ್ನಿ ಅದು. ಊರೆಲ್ಲಾ ಮಲಗ್ತೈತಿ, ಹಂಗೇ ನಮ್ಮ ಕಟ್ಟಿ ಮ್ಯಾಲೂ ಮಲಗ್ತೈತಿ. ಅದಕ್ಕೂ ನಮಗೂ ಏನು ಸಂಬಂಧ?" ಎಂದುಬಿಟ್ಟರು. ಓಣಿಯ ಪ್ರತಿ ಬಾಗಿಲಲ್ಲೂ ಒಬ್ಬೊಬ್ಬರು ಸಾಕ್ಷಿ ನಿಂತಿದ್ದರು. ಅಂದಿನಿಂದ ಗಿರಿಜಕ್ಕ ನಮ್ಮ ಮನೆಗೆ ಬರುವುದು ಕಡಿಮೆಯಾಯಿತು.

ಅತ್ತೆ ಬೆಲ್ಟು ಬೇಡವೆಂದ ಮೇಲೆ ನನಗೆ ಭಯ ಶುರುವಾಯಿತು. ಕುನ್ನಿಗೆ ಈಗ ಓಡಲಾಗುವುದಿಲ್ಲ. ವಯಸ್ಸಾಗಿದೆ, ಈಚೆಗೆ ಹಿಂಗಾಲು ಸ್ವಲ್ಪ ಎಳೆಯುತ್ತದೆ. ಕಚ್ಚುವುದಂತೂ ಗೊತ್ತೇ ಇಲ್ಲ. ಬಲೆ ಹಿಡಿದು ಬಂದವನಿಗೂ ಬಾಲ ಆಡಿಸುವ ಜೀವ ಅದು. ಮಾವನವರ ಕಟ್ಟೆ ಬಿಟ್ಟು ಶೆಡ್ಡಿಗೆ ಹೋದರೆ ಅದು ಉಳಿಯುವುದಿಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತು. ಕದ್ದು ಕಟ್ಟೋಣವೆಂದು ಎರಡು ದಿನ ಬಿಟ್ಟು ಬೆಲ್ಟು ಹುಡುಕಿದರೆ, ಅತ್ತೆ ಅದರಿಂದ ಹಿತ್ತಿಲ ಕಸಬರಿಗೆಯ ಕಡ್ಡಿಗಳನ್ನು ಬಿಗಿದು ಕಟ್ಟಿದ್ದರು. ಬಿಗಿಯಲು ತೂತು ಸಾಲದೆಂದು, ಇನ್ನು ಕೊರಳಿಗೆ ಎಟುಕದಷ್ಟು ಕತ್ತರಿಸಿಯೂ ಬಿಟ್ಟಿದ್ದರು. ಕಸಬರಿಗೆ ಮಾತ್ರ ಬಹಳ ಚೆನ್ನಾಗಿ ನಿಂತಿತ್ತು.

ವ್ಯಾನು ಬಂದದ್ದು ಒಂದು ಸೋಮವಾರ. ಸೋಮವಾರವೆಂದರೆ ಅತ್ತೆಗೆ ಉಪವಾಸ. ತಲೆಗೆ ನೀರು ಹಾಕಿಕೊಂಡು, ಮಡಿ ಸೀರೆ ಉಟ್ಟು, ಪೂಜೆ ಮುಗಿಯುವ ತನಕ ಮೊಮ್ಮಕ್ಕಳನ್ನೂ ಹತ್ತಿರ ಸೇರಿಸುವುದಿಲ್ಲ. ಗಂಡ ಅಂಗಡಿಗೆ ಹೋಗಿದ್ದರು. ನಾನು ಅಂಗಳಕ್ಕೆ ಬರುವಷ್ಟರಲ್ಲಿ ಇಬ್ಬರು ಬಲೆ ಹಿಡಿದು ನಮ್ಮ ಕಟ್ಟೆಯ ಮುಂದೆ ನಿಂತಿದ್ದರು. ನಾನು ಹೆದರಿದ್ದ ಹಾಗೆಯೇ ಕುನ್ನಿ ಅವರಿಗೆ ಬಾಲ ಆಡಿಸುತ್ತಿತ್ತು.

"ಇದು ನಮ್ದು ಕಣ್ರೀ" ಎಂದೆ.

"ಬೆಲ್ಟ್ ಎಲ್ಲೈತ್ರೀ?" ಎಂದ ಅವರಲ್ಲಿ ದೊಡ್ಡವನು.

ಕಸಬರಿಗೆಯಲ್ಲಿದೆ ಎನ್ನಲು ಬಾಯಿ ಬರಲಿಲ್ಲ. ಅವನು ಎದುರು ಮನೆ ಕಡೆ ತಿರುಗಿದ. ಗಿರಿಜಕ್ಕ ಬ್ರೂನೋನ ಬೆಲ್ಟು ಹಿಡಿದು ಗೇಟಿನಲ್ಲಿ ನಿಂತಿದ್ದರು. "ಹೌದೇನ್ರಮ್ಮಾ, ಇವ್ರದಾ ಇದು?"

ಗಿರಿಜಕ್ಕ ಒಂದು ಗಳಿಗೆ ನನ್ನ ಮುಖ ನೋಡಿದರು. "ನಾನೇನ್ ಹೇಳ್ಲಿ? ಅವ್ರ ಅತ್ತೇರೇ ಎಲ್ಲಾರ ಮುಂದೆ ನಮ್ದಲ್ಲ ಅಂದಿದ್ರು" ಎಂದರು. ಅದರಲ್ಲಿ ಸುಳ್ಳಿನ ಎಳೆಯೂ ಇರಲಿಲ್ಲ.

"ಇದೇ ಕತಿ ನೋಡ್ರಿ" ಎಂದ ಅವನು, ಬೇಸರವಿಲ್ಲದ ದನಿಯಲ್ಲಿ. "ಹಿಡಿಯಾಕೆ ಬಂದ್ರೆ ಎಲ್ಲಾವೂ ಯಾರದಾರ ಆಗ್ತಾವು. ಕಚ್ಚಿದಾಗ ಯಾರದೂ ಅಲ್ಲ." ಬಲೆ ಬಿತ್ತು. ಅಷ್ಟು ವರ್ಷದಲ್ಲಿ ನಾನು ಕೇಳಿರದ ಒಂದು ದನಿ ಕುನ್ನಿಯ ಗಂಟಲಿನಿಂದ ಬಂತು.

"ಏ, ಬಿಡಪ್ಪಾ ಅದನ್ನ."

ಅತ್ತೆ ಬಾಗಿಲಲ್ಲಿದ್ದರು. ಒದ್ದೆ ಕೂದಲು, ಹಣೆಯ ತುಂಬ ವಿಭೂತಿ. ಹೊಸ್ತಿಲು ದಾಟಿ, ಮೆಟ್ಟಿಲು ಇಳಿದು, ಮಡಿ ಸೀರೆಯಲ್ಲೇ ಬೀದಿಗೆ ಬಂದರು. ಓಣಿಯ ಬಾಗಿಲುಗಳಲ್ಲಿ ಹಳೆಯ ಸಾಕ್ಷಿಗಳೆಲ್ಲ ಹಾಜರಿದ್ದರು.

"ನಿಮ್ದಾ ಅಜ್ಜಿ?"

ಅತ್ತೆ ಅವನನ್ನು ನೋಡಲಿಲ್ಲ. ಗಿರಿಜಕ್ಕನನ್ನು ನೋಡಿದರು. "ನಮ್ದು. ಸಂಡಿಗಿ ತಿಂದಾಗ್ಲೂ ನಮ್ದೇ. ಅವತ್ತು ಸುಳ್ಳು ಹೇಳಿದ್ದೆ ಗಿರಿಜಾ. ಈ ಬ್ಯಾಸಿಗಿಗೆ ನಾನೇ ಕುಂತು ಹಾಕ್ಕೊಡ್ತೀನಿ, ನಿಂಗೆ ಬೇಕಾದಷ್ಟು."

ಗಿರಿಜಕ್ಕ ಬ್ರೂನೋನ ಬೆಲ್ಟಿನ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು.

ಬಲೆಯವನಿಗೆ ಇನ್ನೂ ನಂಬಿಕೆಯಿಲ್ಲ. "ಆತು, ಸಾಕಿದ್ದಾದ್ರೆ ಹೆಸರೇನಜ್ಜಿ?"

"ಕುನ್ನಿ."

ಅವನು ನಕ್ಕ. "ನಮ್ಮ ಗಾಡ್ಯಾಗಿರೋವೆಲ್ಲಾ ಕುನ್ನಿನೇ. ಮನಿಯಾಗೆ ಸಾಕಿದ್ದಕ್ಕೆ ಒಂದ್ ಹೆಸರು ಬ್ಯಾಡೇನು?"

ಅತ್ತೆ ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ನಮ್ಮ ಯಜಮಾನ್ರು ಸಾಯೋತನಕ ನನ್ನ ಹೆಸರು ಹಿಡಿದು ಕರೀಲಿಲ್ಲಪ್ಪಾ. 'ಏ ಇವಳೇ' ಅನ್ನೋರು, ನಾನು 'ಓ' ಅಂತಿದ್ದೆ. ಹಂಗಂತ ನಾನು ಈ ಮನಿಯಾಕಿ ಅಲ್ಲೇನು?"

ನಮ್ಮ ಕಡೆಯ ಮನೆಗಳೆಲ್ಲ ಹಾಗೇ ಅಲ್ಲವೇ. ಗಂಡ ಹೆಂಡತಿಯ ಹೆಸರು ಹಿಡಿಯುವುದಿಲ್ಲ, ಹೆಂಡತಿ ಗಂಡನದನ್ನು ಹಿಡಿಯುವುದಿಲ್ಲ. ಹತ್ತಿರವಾದಷ್ಟೂ ಹೆಸರು ಬಾಯಿಂದ ದೂರ. ನಾನೂ ನನ್ನ ಗಂಡನನ್ನು ಕರೆಯುವುದು 'ಏನ್ರೀ' ಎಂದು. ಬಾಗಿಲುಗಳಲ್ಲಿ ನಿಂತಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಮನೆಯ 'ಏ ಇವಳೇ'ಯನ್ನು ನೆನೆಸಿಕೊಂಡಿರಬೇಕು. ಒಬ್ಬಿಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅವನು ಬಲೆ ತೆಗೆದ. ಅತ್ತೆ ಮಡಿ ಸೀರೆಯ ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಒಂದು ಪಟ್ಟಿ ಹರಿದರು. ಕೆಳಗೆ ಕೂತು ಕುನ್ನಿಯ ಕೊರಳಿಗೆ ಕಟ್ಟಿದರು. ಅವರು ಅದನ್ನು ಮುಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅದು ಎಷ್ಟು ಗಾಬರಿಯಾಗಿತ್ತೆಂದರೆ ಬಾಲ ಆಡಿಸುವುದನ್ನೂ ಮರೆತು ನಿಂತಿತ್ತು. "ಹುಚ್ ಕುನ್ನಿ, ಯಾರು ಬಂದ್ರೂ ಬಾಲ ಆಡಿಸ್ತೀಯಲ್ಲಾ" ಎಂದು ಅತ್ತೆ ಗಂಟು ಬಿಗಿದರು. ಅಪ್ಪ ಹಿತ್ತಿಲ ಬಾಗಿಲಲ್ಲಿ ನಿಂತು ಕರೆದಾಗಲೂ ಆ ಮಾತು ಇಷ್ಟು ಇಂಪಾಗಿರಲಿಲ್ಲವೇನೋ.

"ಮಾಲೀಕರ ಹೆಸರು ಬರ್ಕಂಡ್ ಹೋಗ್ಬೇಕಜ್ಜಿ" ಎಂದು ಅವನು ಪೆನ್ನು ತೆಗೆದ. ಮನೆ, ಅಂಗಡಿ, ಕರೆಂಟು ಎಲ್ಲವೂ ನನ್ನ ಗಂಡನ ಹೆಸರಿನಲ್ಲಿರುವುದರಿಂದ ಅದನ್ನೇ ಹೇಳೋಣವೆಂದು ನಾನು ಬಾಯಿ ತೆರೆದೆ. ಅತ್ತೆ ಕುನ್ನಿಯ ಕೊರಳು ಬಿಡದೆ ಇನ್ನೊಂದು ಕೈಯೆತ್ತಿ ನನ್ನನ್ನು ತಡೆದರು.

"ನೀಲವ್ವ ಅಂತ ಬರ್ಕೋ."

ರೇಷನ್ ಕಾರ್ಡಿನಲ್ಲಿ ನಾನು ಆ ಹೆಸರು ನೋಡಿದ್ದೆ. ಬಾಯಲ್ಲಿ ಕೇಳಿರಲಿಲ್ಲ. ಹೇಳಿದ ಮೇಲೆ ಅತ್ತೆ, ಅಪರಿಚಿತರು ಯಾರೋ ಒಳಗೆ ಬಂದಂತೆ, ಹರಿದ ಸೆರಗನ್ನು ಎಳೆದು ತಲೆಯ ಮೇಲೆ ಹೊದ್ದುಕೊಂಡರು. ವ್ಯಾನು ಮುಂದಿನ ಓಣಿಗೆ ತಿರುಗಿತು. ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಮೈಲಿಗೆಯಾಗಿತ್ತು, ಮತ್ತೆ ತಲೆಗೆ ನೀರು ಹಾಕಿಕೊಳ್ಳಬೇಕು, ಪೂಜೆಗೆ ಹೊತ್ತಾಗಿತ್ತು. ಆದರೂ ಅತ್ತೆ ಕುನ್ನಿಯ ಪಕ್ಕ ಕೂತೇ ಇದ್ದರು.

ಗಿರಿಜಕ್ಕ ಗೇಟು ಹಾಕಿ ಒಳಗೆ ಹೋಗುವವರು ನಿಂತರು.

"ನೀಲಕ್ಕಾ" ಎಂದು ಕರೆದರು.

ಅತ್ತೆಗೆ ತಮ್ಮನ್ನೇ ಕರೆದದ್ದೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಆ ಕಡೆ ತಿರುಗಿ, "ಓ" ಎಂದರು.